ಎಪ್ಪತ್ತಮೂರನೇ ಸ್ಲೈಡು ಮತ್ತು ಡ್ರೈವರ್ ಕುರ್ಚಿ

ಜನವರಿ 4

ಬಾಯಿಬಡುಕಿಗೆ ಚಿಕ್ಕಮ್ಮನ ಆಶೀರ್ವಾದ.

ನಾನು ಚೆನ್ನಾಗಿದ್ದೇನೆ. ಇದನ್ನು ಓದಿದ ಕೂಡಲೇ ‘ಏನೋ ಆಗಿದೆ’ ಎಂದುಕೊಳ್ಳುತ್ತೀಯ, ನನಗೆ ಗೊತ್ತು. ಹೌದು, ಆಗಿದೆ. ಮೊದಲು ಕೂತುಕೋ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ಮಾತಾಡುತ್ತೀಯ, ನನಗೆ ಸರದಿಯೇ ಸಿಗುವುದಿಲ್ಲ. ಕಾಗದದ ಮೇಲಾದರೆ ನೀನು ಬಾಯಿ ಮುಚ್ಚಿಕೊಂಡು ಕೊನೆಯವರೆಗೂ ಓದಲೇಬೇಕು.

ಹೋದ ತಿಂಗಳು ಪಿತ್ತಕೋಶದಲ್ಲಿ ಕಲ್ಲಿದೆ ಎಂದು ಪಿತ್ತಕೋಶವನ್ನೇ ತೆಗೆದರಲ್ಲ, ಅದನ್ನು ಪರೀಕ್ಷೆಗೆ ಕಳಿಸಿದ್ದರು. ವರದಿ ಬಂತು. ಕಲ್ಲಿನ ಜೊತೆಗೆ ಅದರ ಗೋಡೆಯಲ್ಲಿ ಸ್ವಲ್ಪ ಕ್ಯಾನ್ಸರ್ ಕೂಡ ಇತ್ತಂತೆ. ಯಾರೂ ಹುಡುಕಿರಲಿಲ್ಲ, ತಾನೇ ಸಿಕ್ಕಿತು. ಫೆಬ್ರವರಿಗೆ ಮೊದಲು ಇನ್ನೊಂದು ಆಪರೇಷನ್ ಮಾಡಿ ಅಕ್ಕಪಕ್ಕದ್ದನ್ನೂ ಸ್ವಲ್ಪ ತೆಗೆದು ನೋಡುತ್ತಾರೆ. ಅಂಗಡಿಗೆ ರಿಪೇರಿಗೆ ಬಂದ ಸೋಫಾದ ಒಂದು ಕಡೆ ಗೆದ್ದಲು ಕಂಡರೆ ನಾನೂ ಪಕ್ಕದ ಪಟ್ಟಿ ಬಿಚ್ಚಿ ನೋಡದೆ ಬಿಡುವುದಿಲ್ಲ. ಡಾಕ್ಟರು ಮಾಡುತ್ತಿರುವುದು ಸರಿ ಎಂದೇ ನನಗೂ ಅನ್ನಿಸಿತು. ಕಲ್ಲುಗಳನ್ನು ಕೇಳಿ ಇಸಿದುಕೊಂಡು ಬಂದಿದ್ದೇನೆ. ಅಂಗಡಿಯಲ್ಲಿ ಗುಂಡಿಗಳ ಶೀಶೆಯ ಪಕ್ಕದಲ್ಲೇ ಇಟ್ಟಿದ್ದೇನೆ, ನೋಡಲು ಚೆಂದ ಇವೆ.

ಇನ್ನು ಎರಡನೇ ವಿಷಯ. ಆ ನಿವೃತ್ತ ಬಸ್ ಡ್ರೈವರ್ ಬಗ್ಗೆ ನಿನಗೆ ಬರೆದಿದ್ದೆ. ಹೆಂಡತಿ ತೀರಿಹೋದ ಮೇಲೆ ಒಬ್ಬರೇ ಇರುವವರು, ತೋಳುಕುರ್ಚಿಯೊಂದನ್ನು ಹೊತ್ತುಕೊಂಡು ಬರುವವರು. ಮೊದಲ ಸಲ ಬಂದಾಗ ಅದರ ಸ್ಪ್ರಿಂಗ್ ನಿಜವಾಗಿಯೂ ಹೋಗಿತ್ತು. ಎರಡನೇ ಸಲ ರೆಕ್ಸಿನ್ ಹರಿದಿತ್ತು. ಮೂರನೇ ಸಲ ಮತ್ತೆ ಹರಿದಿತ್ತು. ಸವೆದು ಹರಿದರೆ ಅಂಚು ಎಳೆ ಎಳೆಯಾಗಿ ಬಿಟ್ಟುಕೊಂಡಿರುತ್ತದೆ. ಇದರ ಅಂಚು ಗೆರೆ ಎಳೆದ ಹಾಗಿತ್ತು. ಬ್ಲೇಡಿನ ಕೆಲಸ. ನಾನು ಏನೂ ಹೇಳದೆ ಹೊಲಿದುಕೊಟ್ಟೆ. ನಾಲ್ಕನೇ ಸಲ ಬಂದವರು ಕುರ್ಚಿ ಇಳಿಸಿ, ಬೆವರು ಒರೆಸಿಕೊಂಡು, "ಇನ್ನೂ ಎಷ್ಟು ಸಲ ಅಂತ ಹರೀಲಿ? ಮದುವೆ ಆಗೋಣ್ವಾ?" ಎಂದರು. ಬಾಯಲ್ಲಿ ಮೊಳೆ ಕಚ್ಚಿಕೊಂಡಿದ್ದೆ, ನುಂಗದೇ ಇದ್ದದ್ದು ದೊಡ್ಡದು. "ಅವಸರ ಇಲ್ಲ. ಮಾರ್ಚಲ್ಲಿ ಮನೆಗೆ ಬಣ್ಣ ಹೊಡಿಸ್ತೀನಿ. ಯಾವ ಬಣ್ಣ ಅಂತ ನೀವು ಹೇಳ್ಬೇಕಲ್ಲ, ಅಷ್ಟರೊಳಗೆ ಹೇಳಿ ಸಾಕು" ಎಂದು ಹೋದರು. ಕುರ್ಚಿ ನನ್ನ ಹತ್ತಿರವೇ ಇದೆ. ವರದಿ ಬಂದದ್ದು ಅದೇ ವಾರ.

ಇಷ್ಟು ವರ್ಷ ಒಬ್ಬಳೇ ಇದ್ದೆ, ಬೇಕು ಅನ್ನಿಸಿರಲಿಲ್ಲ. ಈಗ ಬೇಕು ಅನ್ನಿಸುತ್ತಿದೆ. ನಾಚಿಕೆಯಿಲ್ಲದೆ ಬರೆಯುತ್ತಿದ್ದೇನೆ. ಆದರೆ ಒಮ್ಮೆ ಹೆಂಡತಿಯನ್ನು ಕಳಕೊಂಡ ಮನುಷ್ಯನಿಗೆ ಎರಡನೇ ಸಲ ಅದೇ ನೋವು ಕೊಡಲು ನಾನು ತಯಾರಿಲ್ಲ. ಆಯಸ್ಸು ಇದೆ ಎಂದಾದರೆ ಹೂಂ ಅನ್ನುತ್ತೇನೆ. ಇಲ್ಲ ಎಂದಾದರೆ ಉಹೂಂ. ನೀನು ಡಾಕ್ಟರ್, ಅದೂ ರೋಗಿಯ ಮುಖ ನೋಡದೆ ಗಾಜಿನ ಚೂರು ನೋಡುವ ಡಾಕ್ಟರ್. ಪಿತ್ತಕೋಶದ ಕ್ಯಾನ್ಸರಿನಲ್ಲಿ ಪ್ರೋಟೀನ್ ನೋಡಿ ಮುಂದೇನು ಎಂದು ಹೇಳುವ ಕೆಲಸ ಎಂದು ನೀನೇ ಕೊಚ್ಚಿಕೊಂಡಿದ್ದೆ. ಹಾಗಾದರೆ ನನ್ನದು ಹೇಳು.

ನಿನ್ನ ಚಿಕ್ಕಮ್ಮ


ಜನವರಿ 12

ಚಿಕ್ಕಮ್ಮಾ, ನಿನಗೆ ಬುದ್ಧಿ ಇದೆಯಾ?

ಕೂತುಕೋ ಎಂದೆ, ಕೂತೆ. ಆಮೇಲೆ ಎದ್ದೆ. ಆಮೇಲೆ ಅತ್ತೆ. ಆಮೇಲೆ ನಿನ್ನ ಕಲ್ಲಿನ ಶೀಶೆ ನೆನಪಾಗಿ ಸಿಟ್ಟು ನೆತ್ತಿಗೇರಿತು. ಯಾರಾದರೂ ಹೊಟ್ಟೆಯ ಕಲ್ಲನ್ನು ಗುಂಡಿಗಳ ಪಕ್ಕ ಇಡುತ್ತಾರಾ? ನಾಳೆ ಯಾರದೋ ದಿಂಬಿಗೆ ಅದನ್ನೇ ಹೊಲಿದುಬಿಟ್ಟೀಯ. ಹೊಟ್ಟೆನೋವು ಎಂದು ವರ್ಷವಿಡೀ ಗ್ಯಾಸಿನ ಔಷಧಿ ಕುಡಿದುಕೊಂಡು ಕೂತಿದ್ದೆಯಲ್ಲ, ಅದರ ಲೆಕ್ಕ ಬೇರೆ ಚುಕ್ತಾ ಮಾಡುತ್ತೇನೆ. ನಿನ್ನ ಪ್ರಶ್ನೆಗೆ ಉತ್ತರ ಇಲ್ಲ. ಯಾಕೆ ಇಲ್ಲ ಎಂದು ಹೇಳುತ್ತೇನೆ, ಮಧ್ಯೆ ಬಾಯಿ ಹಾಕಬೇಡ.

ನಾವು ನೋಡುವುದು ಮೇಣದ ಬಿಲ್ಲೆಗಳನ್ನು. ಆಪರೇಷನ್ನಿನಲ್ಲಿ ತೆಗೆದ ತುಣುಕನ್ನು ಮೇಣದಲ್ಲಿ ಹೂತಿಟ್ಟಿರುತ್ತಾರೆ. ಬೇರೆ ಬೇರೆ ಆಸ್ಪತ್ರೆಗಳ ಕಪಾಟುಗಳಲ್ಲಿ ವರ್ಷಗಟ್ಟಲೆ ಕೂತಿದ್ದು ಪೆಟ್ಟಿಗೆಯಲ್ಲಿ ನಮ್ಮ ಹತ್ತಿರ ಬರುತ್ತವೆ. ಅದನ್ನು ಈರುಳ್ಳಿ ಸಿಪ್ಪೆಗಿಂತ ತೆಳ್ಳಗೆ ಕೊಯ್ದು ಗಾಜಿಗೆ ಅಂಟಿಸುತ್ತೇವೆ. ನಾವು ಹುಡುಕುವ ಪ್ರೋಟೀನ್ ಎಲ್ಲಿದೆಯೋ ಅಲ್ಲಿ ಮಾತ್ರ ಕಂದು ಬಣ್ಣ ಹಿಡಿಯುತ್ತದೆ. ಬಣ್ಣವೇ ಇಲ್ಲದಿದ್ದರೆ ಸೊನ್ನೆ. ತೆಳುವಾಗಿದ್ದರೆ ಒಂದು, ನಡುವಿನದಕ್ಕೆ ಎರಡು, ಗಾಢವಾಗಿದ್ದರೆ ಮೂರು. ನಾನು ಒಂದು ಸಲ ನೋಡಿ ಅಂಕ ಕೊಡುತ್ತೇನೆ, ನಮ್ಮ ಮೇಡಂ ಬೇರೆ ಕೂತು ಕೊಡುತ್ತಾರೆ. ಒಬ್ಬರದು ಇನ್ನೊಬ್ಬರಿಗೆ ಕಾಣಿಸುವಂತಿಲ್ಲ. ಸ್ಲೈಡಿನ ಮೇಲೆ ಹೆಸರೂ ಇರುವುದಿಲ್ಲ, ನಂಬರ್ ಮಾತ್ರ. ಹೆಸರು ಗೊತ್ತಾದರೆ ಕಣ್ಣು ಮೋಸ ಮಾಡುತ್ತದೆ ಎಂದು ಹಾಗೆ.

ಬಣ್ಣ ಗಾಢವಿರುವ ಗುಂಪು ತೆಳುವಿರುವ ಗುಂಪಿಗಿಂತ ಬೇಗ ಹೋಗುತ್ತದೆಯೇ ಎಂಬುದು ನಮ್ಮ ಪ್ರಶ್ನೆ. ಗುಂಪು, ಚಿಕ್ಕಮ್ಮ, ಗುಂಪು. ಅಗ್ಗದ ಸ್ಪಂಜಿನ ಕುರ್ಚಿಗಳು ಬೇಗ ಕುಸಿಯುತ್ತವೆ ಎಂದು ನೀನು ಗಿರಾಕಿಗಳಿಗೆ ಹೇಳುತ್ತೀಯ. ಅಂಥ ಒಂದು ಕುರ್ಚಿಯನ್ನು ಮುಂದಿಟ್ಟು ‘ಇದು ಯಾವ ವರ್ಷ ಕುಸಿಯುತ್ತೆ?’ ಎಂದು ಕೇಳಿದರೆ ಹೇಳುತ್ತೀಯಾ? ನಿನ್ನ ವಿಷಯದಲ್ಲಿ ಈಗ ಮುಖ್ಯವಾದದ್ದು ಬಣ್ಣ ಅಲ್ಲ. ಅದು ಗೋಡೆಯೊಳಗೆ ಎಷ್ಟು ಆಳಕ್ಕೆ ಇಳಿದಿದೆ, ಪಕ್ಕದ ಗ್ರಂಥಿಗಳಿಗೆ ಹೋಗಿದೆಯೇ, ಎರಡನೇ ಆಪರೇಷನ್ನಿನಲ್ಲಿ ಏನು ಸಿಗುತ್ತದೆ, ಇವು ಮುಖ್ಯ.

ಮತ್ತೆ ಆ ಡ್ರೈವರ್! ಬ್ಲೇಡು! ನನಗೆ ಅವರು ಈಗಲೇ ಇಷ್ಟವಾಗಿದ್ದಾರೆ. ಕರಿದದ್ದು ತಿಂದೀಯ ಜೋಕೆ.

ಬಾಯಿಬಡುಕಿ


ಫೆಬ್ರವರಿ 9

ಬಾಯಿಬಡುಕಿ,

ಬೈಗುಳ ತಲುಪಿತು. ಆಸ್ಪತ್ರೆಯ ದಿಂಬಿನ ಕೆಳಗಿಟ್ಟುಕೊಂಡು ಮೂರು ಸಲ ಓದಿದೆ. ನೀನು ಅಷ್ಟು ಜೋರಾಗಿ ಬೈಯಬೇಕಾದರೆ ನಾನು ಅಷ್ಟೊಂದು ಕೆಟ್ಟ ಸ್ಥಿತಿಯಲ್ಲಿ ಇರಲಿಕ್ಕಿಲ್ಲ ಎಂದು ಧೈರ್ಯ ಬಂತು.

ಎರಡನೇ ಆಪರೇಷನ್ ಆಯಿತು, ವರದಿಯೂ ಬಂತು. ಗ್ರಂಥಿಗಳೆಲ್ಲ ಚೊಕ್ಕಟ. ಪಕ್ಕದಲ್ಲಿ ತೆಗೆದದ್ದರಲ್ಲೂ ಏನೂ ಇಲ್ಲ. ಗೋಡೆಯಲ್ಲೂ ಹೆಚ್ಚು ಆಳಕ್ಕೆ ಇಳಿದಿರಲಿಲ್ಲವಂತೆ. ಡಾಕ್ಟರು ಖುಷಿಯಾಗಿದ್ದರು, ಮೊದಲ ಸಲ ತೆಗೆದ ಪಿತ್ತಕೋಶದ ವರ್ಣನೆಯನ್ನೂ ಮಾಡಿದರು: "ಒಳಗಡೆ ಕೆಂಪು ಕೆಂಪು, ಮೇಲೆ ಹಳದಿ ಚುಕ್ಕಿ. ಥೇಟ್ ಸ್ಟ್ರಾಬೆರಿ ಹಣ್ಣು ಕಣಮ್ಮ." ನನ್ನೊಳಗೆ ಹಣ್ಣಿನ ತೋಟವೇ ಇದ್ದದ್ದು ನನಗೇ ಗೊತ್ತಿರಲಿಲ್ಲ.

ಡ್ರೈವರ್ ದಿನವೂ ಬರುತ್ತಿದ್ದರು. ವಿಷಯ ಏನು ಎಂದು ಕೇಳಲಿಲ್ಲ. ಕಲ್ಲು ಎಂದಿದ್ದೆ, ಕಲ್ಲು ಎಂದೇ ನಂಬಿದ್ದಾರೆ. ನನ್ನನ್ನು ಗಾಲಿಮಂಚದ ಮೇಲೆ ತಳ್ಳಿಕೊಂಡು ಹೋಗುತ್ತಿದ್ದವನಿಗೆ, "ಏನಪ್ಪಾ, ತಿರುವಲ್ಲಿ ಹಾರ್ನ್ ಕೂಡ ಇಲ್ದೆ ಹಿಂಗ್ ನುಗ್ಗಿಸ್ತೀಯಾ?" ಎಂದು ಜಗಳ ತೆಗೆದರು. ಹೊಲಿಗೆ ಬಿಚ್ಚಿಹೋಗುವಷ್ಟು ನಗು ಬಂತು. ನಗಬೇಡಿ ಎಂದು ನರ್ಸ್ ಗದರಿದಳು. ಅದೇ ನರ್ಸ್ ಇನ್ನೊಂದು ಹೇಳಿದಳು. ಈ ಆಸ್ಪತ್ರೆಯಿಂದ ನಿಮ್ಮ ಲ್ಯಾಬಿಗೆ ಮೊನ್ನೆಯಷ್ಟೇ ಪಿತ್ತಕೋಶದ ಮೇಣದ ಬಿಲ್ಲೆಗಳು ಪೆಟ್ಟಿಗೆಗಟ್ಟಲೆ ಹೋಗಿವೆಯಂತೆ. ನನ್ನದೂ ಅದರಲ್ಲಿ ಇದ್ದರೆ ಒಂದು ಸಲ ಬೆನ್ನು ತಟ್ಟು. ಪರ ಊರಿಗೆ ಹೋಗಿ ಅಭ್ಯಾಸ ಇಲ್ಲ ಅದಕ್ಕೆ.

ಹೂಂ ಅನ್ನೋಣ ಎಂದುಕೊಂಡಿದ್ದೇನೆ ಕಣೇ. ಬಾಗಿಲಿಗೆ ಹಸಿರು, ಗೋಡೆಗೆ ತಿಳಿಹಳದಿ ಎಂಬಲ್ಲಿಗೆ ಬಂದಿದೆ. ನಿನ್ನದೊಂದು ಪತ್ರ ಬರಲಿ, ಅದನ್ನು ಓದಿಕೊಂಡೇ ಹೋಗಿ ಹೇಳುತ್ತೇನೆ.

ಚಿಕ್ಕಮ್ಮ


ಫೆಬ್ರವರಿ 20

ಪ್ರೀತಿಯ ಚಿಕ್ಕಮ್ಮ,

ನಿನ್ನ ಪತ್ರ ಓದಿ ತುಂಬಾ ಸಂತೋಷವಾಯಿತು. ಗ್ರಂಥಿಗಳು ಚೊಕ್ಕಟ ಇರುವುದು ಒಳ್ಳೆಯ ಸಂಗತಿ. ವಿಶ್ರಾಂತಿ ತೆಗೆದುಕೋ. ಅಂಗಡಿಯ ಕೆಲಸ ನಿಧಾನಕ್ಕೆ ಮಾಡು. ತಿನ್ನಬೇಕು ಅನ್ನಿಸಿದ್ದನ್ನು ತಿನ್ನು, ಕರಿದದ್ದಾದರೂ ಪರವಾಗಿಲ್ಲ.

ನಾನು ಚಿಕ್ಕವಳಿದ್ದಾಗ ನಿನ್ನ ಅಂಗಡಿಯ ಸ್ಪಂಜಿನ ರಾಶಿಯ ಮೇಲೆ ಮಲಗಿಸಿಕೊಂಡು ಕಥೆ ಹೇಳುತ್ತಿದ್ದೆಯಲ್ಲ, ಈಚೆಗೆ ಅದೇ ನೆನಪಾಗುತ್ತಿದೆ. ನಿನಗೆ ನಾನು ಯಾವತ್ತೂ ಥ್ಯಾಂಕ್ಸ್ ಹೇಳಿಲ್ಲ. ಹೇಳಬೇಕು ಅನ್ನಿಸಿತು.

ರಜೆಗೆ ಅರ್ಜಿ ಹಾಕಿದ್ದೇನೆ. ಸಾಧ್ಯವಾದಷ್ಟು ಬೇಗ ಬಂದು ಒಂದು ತಿಂಗಳು ನಿನ್ನ ಜೊತೆಗೇ ಇರುತ್ತೇನೆ. ಡ್ರೈವರ್ ವಿಷಯದಲ್ಲಿ ನಿನ್ನ ಮನಸ್ಸಿಗೆ ಹೇಗೆ ತೋಚುತ್ತದೋ ಹಾಗೆ ಮಾಡು. ನಿನಗೆ ಯಾವುದು ನೆಮ್ಮದಿಯೋ ಅದೇ ಸರಿ.

ನಿನ್ನ ಮಗಳಂಥವಳು


ಮಾರ್ಚ್ 1

ಮಗಳೇ,

ನಿನ್ನ ಪತ್ರ ಬಂತು. ಅರ್ಥವಾಯಿತು.

ನೀನು ಅಕ್ಷರ ಕಲಿತಾಗಿನಿಂದ ಬರೆದ ಪತ್ರಗಳಲ್ಲಿ ಬೈಗುಳ ಇಲ್ಲದ್ದು ಇದೊಂದೇ. ಕರಿದದ್ದು ತಿನ್ನಬಹುದು ಎಂದು ಬರೆದಿದ್ದೀಯ. ಅದನ್ನು ಓದಿದಾಗಲೇ ಗೊತ್ತಾಯಿತು. ಆ ಪೆಟ್ಟಿಗೆಯಲ್ಲಿ ನನ್ನದೂ ಇತ್ತು ಎಂದಾಯಿತು. ಬಣ್ಣ ಎಷ್ಟಿತ್ತು ಎಂದು ಕೇಳುವುದಿಲ್ಲ, ನೀನೂ ಹೇಳಬೇಡ. ನಿನ್ನ ಮೇಲೆ ಸಿಟ್ಟಿಲ್ಲ. ಬಾಯಿಬಿಟ್ಟು ಹೇಳಲಾಗದೆ ಎಷ್ಟು ಒದ್ದಾಡಿರುತ್ತೀಯ ಎಂದು ನನಗೆ ಗೊತ್ತು.

ನಿನ್ನೆ ಡ್ರೈವರ್ ಮನೆಗೆ ಹೋಗಿ ಕುರ್ಚಿ ಕೊಟ್ಟು ಬಂದೆ. ಹೊಸ ರೆಕ್ಸಿನ್ ಹಾಕಿ, ಅಂಚಿಗೆ ಜೋಡಿ ಹೊಲಿಗೆ ಕೊಟ್ಟಿದ್ದೇನೆ. ಇನ್ನು ಬ್ಲೇಡಿಗೂ ಸುಲಭಕ್ಕೆ ಬಗ್ಗದು. "ಯೋಚನೆ ಮಾಡಿದೆ. ಈ ವಯಸ್ಸಲ್ಲಿ ನನಗೆ ಇವೆಲ್ಲ ಬೇಡ" ಎಂದೆ. ಗೋಡೆಯ ಹಳೇ ಬಣ್ಣ ಕೆರೆದು ತಯಾರಾಗಿತ್ತು. ಅವರು, "ಕುರ್ಚಿ ನೀವ್ಯಾಕೆ ಹೊತ್ಕೊಂಡ್ ಬಂದ್ರಿ, ಆಪರೇಷನ್ ಆದವರು. ಹೇಳಿದ್ರೆ ನಾನೇ ಬರ್ತಿದ್ದೆ" ಎಂದರು. ಅಷ್ಟೇ. ಬೀದಿಯ ತಿರುವಿನವರೆಗೂ ಬಂದು ನಿಂತಿದ್ದರು. ನಾನು ತಿರುಗಿ ನೋಡಲಿಲ್ಲ, ಆದರೂ ಗೊತ್ತಾಯಿತು.

ದೊಡ್ಡ ಕತ್ತರಿ ನಿನಗೆ. ದಬ್ಬಣಗಳ ಡಬ್ಬಿಯನ್ನೂ ತೆಗೆದಿಟ್ಟಿದ್ದೇನೆ. ನಿನಗೆ ಹೊಲಿಯಲು ಬರುವುದಿಲ್ಲ, ಆದರೂ ಇರಲಿ. ಫೋನು ಮಾಡಬೇಡ, ನಾನು ಎತ್ತುವುದಿಲ್ಲ. ನಿನ್ನ ದನಿ ಕೇಳಿದರೆ ಇಬ್ಬರೂ ಅಳುತ್ತೇವೆ, ಅಂಗಡಿಯಲ್ಲಿ ಗಿರಾಕಿಗಳಿರುತ್ತಾರೆ.

ಚಿಕ್ಕಮ್ಮ


ಮಾರ್ಚ್ 8

ಚಿಕ್ಕಮ್ಮಾ, ಆ ಕುರ್ಚಿ ವಾಪಸ್ ತಗೊಂಡು ಬಾ! ಈಗಲೇ! ಚಪ್ಪಲಿ ಹಾಕಿಕೊಂಡು ಉಳಿದದ್ದು ಓದು!

ಮೇಲಿಂದ ಮೇಲೆ ಫೋನು ಮಾಡಿದೆ. ಎತ್ತುವುದಿಲ್ಲ ಎಂದವಳು ಎತ್ತಲಿಲ್ಲ, ನಿನ್ನ ಹಟಕ್ಕೆ ಇಷ್ಟು ಬೆಂಕಿ ಬೀಳ. ಅದಕ್ಕೇ ಇದನ್ನು ಕೊರಿಯರ್ ಮಾಡುತ್ತಿದ್ದೇನೆ. ನಾನೊಬ್ಬಳು ಕತ್ತೆ. ಕತ್ತೆಗಳಿಗೆ ಅವಮಾನ ಆಗುವಂಥ ಕತ್ತೆ. ಏನಾಯಿತು ಎಂದು ಮೊದಲಿನಿಂದ ಹೇಳುತ್ತೇನೆ.

ನಿನ್ನ ಊರಿನ ಆಸ್ಪತ್ರೆಯ ಪೆಟ್ಟಿಗೆ ಬಂದದ್ದು ನಿಜ. ನಿನ್ನ ಪತ್ರ ಓದಿದ ಮೇಲೆ ನನ್ನ ಕಣ್ಣು ಸುಮ್ಮನಿರಲಿಲ್ಲ, ಹೆಸರಿಲ್ಲದ ಸ್ಲೈಡುಗಳಲ್ಲಿ ನಿನ್ನನ್ನೇ ಹುಡುಕಲು ಶುರು ಮಾಡಿತು. ಎಪ್ಪತ್ತಮೂರನೇ ಸ್ಲೈಡಿನಲ್ಲಿ ಒಳಪದರದ ಕೆಳಗೆ ಕೊಬ್ಬು ತುಂಬಿದ ಕಣಗಳ ಗೊಂಚಲು ಕಾಣಿಸಿತು. ಡಾಕ್ಟರು ಸ್ಟ್ರಾಬೆರಿ ಎಂದರಲ್ಲ, ಆ ಹಳದಿ ಚುಕ್ಕಿಗಳು ನಮಗೆ ಹೀಗೇ ಕಾಣುವುದು. ಇದು ಚಿಕ್ಕಮ್ಮನದೇ ಎಂದು ತೀರ್ಮಾನ ಮಾಡಿಬಿಟ್ಟೆ. ಸ್ಟ್ರಾಬೆರಿ ಎಷ್ಟು ಜನರ ಪಿತ್ತಕೋಶದಲ್ಲಿ ಇರುತ್ತದೆ ಎಂದು ಪರೀಕ್ಷೆಗೆ ಓದಿ ಬರೆದವಳು ನಾನು! ಆಮೇಲೆ ಬಣ್ಣ ನೋಡಿದೆ. ಗಾಢ ಕಂದು. ಮೂರು. ಅನುಮಾನವೇ ಇಲ್ಲದ ಮೂರು. ಕಣ್ಣು ಮೂರು ಎಂದಿತು, ಕೈ ಒಂದು ಎಂದು ಬರೆಯಿತು. ಅದೇ ದಿನ ಕೂತು ನಿನಗೆ ಆ ಸಕ್ಕರೆ ಪತ್ರ ಬರೆದೆ.

ಎರಡು ಜನರ ಅಂಕ ತಾಳೆಯಾಗದಿದ್ದರೆ ಇಬ್ಬರೂ ಒಟ್ಟಿಗೆ ಕೂತು ನೋಡುತ್ತೇವೆ. ಒಂದೇ ಮೈಕ್ರೋಸ್ಕೋಪಿಗೆ ಎರಡು ಕಡೆ ಕಣ್ಣಿಡುವ ಜಾಗ ಇರುತ್ತದೆ. ನಿನ್ನೆ ಮೇಡಂ ಕರೆದರು.

"ಎಪ್ಪತ್ಮೂರಕ್ಕೆ ಒಂದು ಕೊಟ್ಟಿದೀಯಾ. ಇದು ಒಂದೇನೇ? ಮುಖ ತೊಳ್ಕೊಂಡ್ ಬಾ, ಮತ್ತೆ ನೋಡು."

ಅಷ್ಟಕ್ಕೇ ನನ್ನ ಕಟ್ಟೆ ಒಡೆಯಿತು. "ಅದು ನಮ್ಮ ಚಿಕ್ಕಮ್ಮಂದು ಮೇಡಂ" ಎಂದು ಗೊಳೋ ಎಂದು ಅತ್ತೆ. ಮೇಡಂ ಗಾಬರಿಯಾಗಿ ಲೈಟು ಆರಿಸಿದರು.

"ಯಾವಾಗ ಆಪರೇಷನ್ ಆಯ್ತು ಅವ್ರಿಗೆ?"

"ಡಿಸೆಂಬರಲ್ಲಿ."

"ಯಾವ ಡಿಸೆಂಬರ್?"

"ಮೊನ್ನೆ ಹೋದ ಡಿಸೆಂಬರ್, ಮೇಡಂ."

ಅವರು ಕುರ್ಚಿಯನ್ನು ನನ್ನ ಕಡೆಗೆ ತಿರುಗಿಸಿಕೊಂಡರು. "ಮಗೂ, ನಾವಿಲ್ಲಿ ಏನು ನೋಡ್ತಾ ಇದೀವಿ, ಸ್ವಲ್ಪ ಹೇಳು."

"ಈ ಪ್ರೋಟೀನ್ ಜಾಸ್ತಿ ಇದ್ದವರು ಆಪರೇಷನ್ ಆದ್ಮೇಲೆ ಎಷ್ಟು ವರ್ಷ..." ಎಂದು ಶುರು ಮಾಡಿದವಳು ‘ಆದ್ಮೇಲೆ’ ಎಂಬಲ್ಲಿಗೆ ನಿಂತೆ.

"ಹೂಂ. ಆದ್ಮೇಲೆ. ಅದಕ್ಕೇ ಹತ್ತು ವರ್ಷಕ್ಕಿಂತ ಹಳೇ ಬಿಲ್ಲೆಗಳನ್ನೇ ತರಿಸಿರೋದು. ನಿಮ್ಮ ಚಿಕ್ಕಮ್ಮಂಗೆ ಆಪರೇಷನ್ ಆಗಿ ಇನ್ನೂ ಮೂರು ತಿಂಗಳು. ಅವರ ‘ಆಮೇಲೆ’ ಇನ್ನೂ ಶುರುನೇ ಆಗಿಲ್ವಲ್ಲೇ!"

ಚಿಕ್ಕಮ್ಮ, ನಿನಗೆ ನಾನೇ ಬರೆದಿದ್ದೆ, ವರ್ಷಗಟ್ಟಲೆ ಕಪಾಟಿನಲ್ಲಿ ಕೂತ ಬಿಲ್ಲೆಗಳು ಎಂದು! ದಿನವೂ ಅದೇ ಕೆಲಸ ಮಾಡುವವಳು ನಾನು. ಬುದ್ಧಿ ಎಲ್ಲಿ ಮೇಯಲು ಹೋಗಿತ್ತೋ ಗೊತ್ತಿಲ್ಲ. ಮೇಡಂ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ನಗು ನಿಲ್ಲಿಸಿ ಚೆನ್ನಾಗಿ ಬೈದರು. ಆ ಪೆಟ್ಟಿಗೆಯನ್ನು ಪೂರ್ತಿ ಬೇರೆಯವರ ಕೈಯಲ್ಲಿ ಮತ್ತೆ ಓದಿಸುತ್ತಾರೆ. ಬೈಸಿಕೊಳ್ಳುವುದು ಎಷ್ಟು ಸುಖ ಎಂದು ನಿನ್ನೆ ಗೊತ್ತಾಯಿತು.

ಈಗ ನನಗೆ ನಿನ್ನ ಬಗ್ಗೆ ಗೊತ್ತಿರುವುದು ಇಷ್ಟು. ಗ್ರಂಥಿಗಳು ಚೊಕ್ಕಟ, ಅಂಚುಗಳು ಚೊಕ್ಕಟ, ಗೋಡೆಯಲ್ಲಿ ಹೆಚ್ಚು ಆಳಕ್ಕೆ ಇಳಿಯುವ ಮೊದಲೇ ಸಿಕ್ಕಿದೆ. ಇವೆಲ್ಲ ನಿನ್ನ ಪರವಾಗಿವೆ. ಗ್ಯಾರಂಟಿ ಕೊಡಲು ನನ್ನಿಂದ ಆಗದು, ಯಾರಿಂದಲೂ ಆಗದು. ನಿನ್ನ ಪ್ರೋಟೀನ್ ಯಾವ ಬಣ್ಣ ಎಂದು ನಾನು ನೋಡಿಲ್ಲ, ನೋಡಿದ್ದರೂ ಅದು ‘ಹೂಂ ಅನ್ನು’ ಎಂದೋ ‘ಉಹೂಂ ಅನ್ನು’ ಎಂದೋ ಹೇಳುತ್ತಿರಲಿಲ್ಲ. ಅದನ್ನು ನೀನೇ ಹೇಳಬೇಕು.

ಮತ್ತೆ, ಆಪರೇಷನ್ ಆದ ಹೊಟ್ಟೆಯಲ್ಲಿ ತೋಳುಕುರ್ಚಿ ಹೊತ್ತುಕೊಂಡು ಹೋದೆಯಾ? ತಲೆ ನೆಟ್ಟಗಿದೆಯಾ ನಿನಗೆ? ಕರಿದದ್ದು ತಿಂದರೆ ನೋಡು! ಕತ್ತರಿಯನ್ನು ವಾಪಸ್ ಮೊಳೆಗೆ ತೂಗುಹಾಕು.

ಬಾಯಿಬಡುಕಿ, ಬಾಯಿಬಡುಕಿ, ಬಾಯಿಬಡುಕಿ


ಮಾರ್ಚ್ 15

ನನ್ನ ಬಂಗಾರದ ಕತ್ತೆಗೆ,

ಕೊರಿಯರ್ ಹುಡುಗ ನಾನು ಸಹಿ ಹಾಕುವುದನ್ನು ಕಾಯುತ್ತಾ ನಿಂತಿದ್ದ. ನಾನು ಮೊದಲು ಲಕೋಟೆ ಹರಿದೆ. ‘ಆ ಕುರ್ಚಿ ವಾಪಸ್ ತಗೊಂಡು ಬಾ’ ಓದಿ ಅಲ್ಲೇ ಜೋರಾಗಿ ನಕ್ಕೆ, ಅವನು ಎರಡು ಹೆಜ್ಜೆ ಹಿಂದೆ ಸರಿದ. ಪೂರ್ತಿ ಓದಿ ಮುಗಿಸುವಷ್ಟರಲ್ಲಿ ಅಳು ಬಂದಿತ್ತು. ನಿನ್ನನ್ನು ಹಿಡಿದು ನಾಲ್ಕು ಬಾರಿಸಬೇಕು, ಆಮೇಲೆ ತಬ್ಬಿಕೊಳ್ಳಬೇಕು, ಆಮೇಲೆ ಇನ್ನೆರಡು ಬಾರಿಸಬೇಕು. ನನ್ನನ್ನು ಜೀವಂತವಾಗಿಯೇ ಮೇಲಕ್ಕೆ ಕಳಿಸಿಕೊಟ್ಟುಬಿಟ್ಟಿದ್ದೆಯಲ್ಲೇ! ಪಕ್ಕದ ಬೀಗದ ಅಂಗಡಿಯವರಿಗೆ ಹೊಲಿಗೆ ಯಂತ್ರ ಕೊಡುತ್ತೇನೆ ಎಂದು ಮಾತಾಡಿಯೂ ಆಗಿತ್ತು. ಈಗ ಅವರು ಮುಖ ಊದಿಸಿಕೊಂಡಿದ್ದಾರೆ.

ಅಂಗಡಿಗೆ ಬಾಗಿಲು ಹಾಕಿ ಡ್ರೈವರ್ ಮನೆಗೆ ಹೋದೆ. ಗೋಡೆಗಳು ಕೆರೆದ ಹಾಗೇ ಇದ್ದವು. ಕುರ್ಚಿಗೆ ನಾನು ಸುತ್ತಿದ್ದ ಪ್ಲಾಸ್ಟಿಕ್ ಹಾಳೆಯನ್ನೂ ಬಿಚ್ಚಿರಲಿಲ್ಲ. ಅವರು ಅದರ ಪಕ್ಕ ಸ್ಟೂಲಿನ ಮೇಲೆ ಕೂತಿದ್ದರು.

"ಏನಾದ್ರೂ ಬಿಟ್ಟು ಹೋಗಿದ್ರಾ?" ಎಂದರು.

"ಹೂಂ. ತಪ್ಪು ಉತ್ತರ ಬಿಟ್ಟು ಹೋಗಿದ್ದೆ" ಎಂದೆ.

ಎಲ್ಲವನ್ನೂ ಹೇಳಿದೆ. ಕಲ್ಲು ಮಾತ್ರ ಅಲ್ಲ ಎಂದು, ಕ್ಯಾನ್ಸರ್ ಎಂದು, ನಿನ್ನ ಕಂದು ಬಣ್ಣ, ಎಪ್ಪತ್ತಮೂರು, ಕತ್ತೆ, ಎಲ್ಲ. ಅವರು ಕೆಂಪು ದೀಪಕ್ಕೆ ಬಸ್ಸು ನಿಲ್ಲಿಸಿದವರ ಹಾಗೆ ಎರಡೂ ಕೈ ಮುಂದಿಟ್ಟುಕೊಂಡು ಕೇಳಿದರು. ಕೊನೆಗೆ ನಾನು, "ಎಷ್ಟು ವರ್ಷ ಇರ್ತೀನೋ ಯಾರಿಗೂ ಗೊತ್ತಿಲ್ಲ. ಅದಕ್ಕೇ ಹೆದರಿದ್ದೆ" ಎಂದೆ.

"ನಂದು ಗೊತ್ತಾ ನಿಮಗೆ?" ಎಂದರು.

ಎದ್ದು ಹೋಗಿ ಕಪಾಟಿನ ಮೇಲಿಂದ ಬಿಸ್ಕತ್ತಿನ ಡಬ್ಬಿ ಇಳಿಸಿದರು. ಇಂಥ ಹೊತ್ತಲ್ಲಿ ಬಿಸ್ಕತ್ತು ಕೊಡುತ್ತಾರಲ್ಲ ಎಂದುಕೊಂಡೆ. ಮುಚ್ಚಳ ತೆಗೆದರೆ ಒಳಗೆ ಬರೀ ಮಾತ್ರೆ. ಹೃದಯಕ್ಕೆ ಇಷ್ಟು, ಬಿಪಿಗೆ ಇಷ್ಟು, ರಕ್ತ ತೆಳುವಾಗಲು ಇನ್ನಷ್ಟು. ಎರಡು ಸ್ಟೆಂಟ್ ಹಾಕಿದ್ದಾರಂತೆ. ಬಸ್ಸು ಓಡಿಸುವುದನ್ನು ನಿಲ್ಲಿಸಿದ್ದೇ ಅದಕ್ಕಂತೆ. "ಹೇಳಿದ್ರೆ ನೀವು ಬೇಡ ಅಂತೀರ ಅಂತ ಹೇಳ್ಲಿಲ್ಲ. ಪ್ರತಿ ಸಲ ಕುರ್ಚಿ ಎತ್ತಿಕೊಂಡ್ ಬಂದಾಗ್ಲೂ ನಿಮ್ಮಂಗ್ಡಿ ಮೆಟ್ಲ ಹತ್ರ ನಿಂತು ಉಸಿರು ಸರಿಮಾಡ್ಕೊಂಡೇ ಒಳಗ್ ಬರ್ತಿದ್ದೆ."

ಇವರನ್ನು ಹೇಗೆ ಕಾಪಾಡಲಿ ಎಂದು ನಾನು ಇಷ್ಟು ದಿನ ಒದ್ದಾಡಿದೆ. ಇವರಿಗೂ ಆರೋಗ್ಯ ಎಂಬುದೊಂದು ಇರಬಹುದು ಎಂದು ಒಮ್ಮೆಯಾದರೂ ಹೊಳೆಯಿತೇ? ಇಲ್ಲ! ಲೋಕದಲ್ಲಿ ಸಾಯುವವಳು ನಾನೊಬ್ಬಳೇ ಎಂದುಕೊಂಡಿದ್ದೆ.

"ನಾನ್ ಕೇಳಿದ್ದು ಮದುವೆ ಆಗ್ತೀರಾ ಅಂತ. ಗ್ಯಾರಂಟಿ ಕಾರ್ಡ್ ಕೇಳಿರ್ಲಿಲ್ಲ" ಎಂದರು.

"ಗೋಡೆಗೆ ತಿಳಿಹಳದಿ. ಬಾಗಿಲಿಗೆ ಹಸಿರು. ಕಂದು ಬಣ್ಣ ಮಾತ್ರ ಎಲ್ಲೂ ಬೇಡ" ಎಂದೆ.

ಆಮೇಲೆ ಇಬ್ಬರೂ ಸೇರಿ ಕುರ್ಚಿಯ ಪ್ಲಾಸ್ಟಿಕ್ ಬಿಚ್ಚಿದೆವು. ಮೇ ತಿಂಗಳಲ್ಲಿ ನೋಂದಣಿ ಕಚೇರಿಯಲ್ಲಿ ಮದುವೆ. ಸಾಕ್ಷಿ ಸಹಿ ನಿನ್ನದು. ಸರಿಯಾಗಿ ಓದಿ ಹಾಕು, ನಿನ್ನ ಕೈಯನ್ನು ನಂಬುವ ಹಾಗಿಲ್ಲ.

ಚಿಕ್ಕಮ್ಮ


ನವೆಂಬರ್ 18

ಚಿಕ್ಕಮ್ಮನಿಗೂ ಡ್ರೈವರ್ ಚಿಕ್ಕಪ್ಪನಿಗೂ,

ಮದುವೆಗೆ ಬಂದು ಹೋದ ಮೇಲೆ ನಾನು ಬರೆದಿಲ್ಲ ಎಂದು ನೀನು ಆಡಿಕೊಳ್ಳುತ್ತಿದ್ದೀಯಂತೆ, ಚಿಕ್ಕಪ್ಪ ಹೇಳಿದರು. ಅವರಿಗೆ ಫೋನಿನಲ್ಲಿ ಮಾತಾಡಲು ಬರುತ್ತದೆ, ನಿನ್ನ ಹಾಗಲ್ಲ. ನಿನ್ನ ಸ್ಕ್ಯಾನ್ ಚೊಕ್ಕಟ ಬಂತು ಎಂಬುದನ್ನೂ ಅವರೇ ಹೇಳಿದರು. ಲ್ಯಾಬಿನಲ್ಲಿ ಕುಣಿದೆ. ಮೇಡಂ ನೋಡಿಯೂ ನೋಡದ ಹಾಗೆ ಇದ್ದರು. ನೀನು ಆಪರೇಷನ್ ಆದ ಆರು ವಾರಕ್ಕೇ ಏಣಿ ಹತ್ತಿ ಬಾಗಿಲಿಗೆ ಬಣ್ಣ ಬಳಿದೆಯಂತೆ, ಅದನ್ನೂ ಹೇಳಿದ್ದಾರೆ. ಅದರ ಬಗ್ಗೆ ಕೊನೆಗೆ ಬರುತ್ತೇನೆ.

ನಮ್ಮ ಅಧ್ಯಯನ ಮುಗಿಯಿತು. ಸ್ಲೈಡುಗಳ ನಂಬರಿಗೂ ಆ ಜನರಿಗೆ ಆಮೇಲೆ ಏನಾಯಿತು ಎಂಬುದಕ್ಕೂ ಮೊನ್ನೆ ತಾಳೆ ಹಾಕಿದೆವು. ಗಾಢ ಕಂದಿನ ಗುಂಪಿನವರು ಬೇಗ ಹೋಗಿದ್ದಾರೆ. ಅದು ನಿಜ, ನಿನ್ನಿಂದ ಮುಚ್ಚಿಡುವುದಿಲ್ಲ. ಇನ್ನೂ ಹೆಚ್ಚು ಜನರಲ್ಲಿ ನೋಡಬೇಕು. ಅಲ್ಲೂ ಹೀಗೇ ಬಂದರೆ ಯಾರಿಗೆ ಆಪರೇಷನ್ ಜೊತೆಗೆ ಬಲವಾದ ಔಷಧಿ ಬೇಕು ಎಂದು ಮುಂದೊಂದು ದಿನ ಡಾಕ್ಟರುಗಳಿಗೆ ಮೊದಲೇ ತಿಳಿಯಬಹುದು. ಅಷ್ಟರ ಮಟ್ಟಿಗೆ ನನ್ನ ಕೆಲಸ ದಂಡವಾಗಲಿಲ್ಲ.

ಎಪ್ಪತ್ತಮೂರು ಬಂದಾಗ ನಾನು ಉಸಿರು ಹಿಡಿದು ಕೂತಿದ್ದೆ. ಹೆಸರು ಈಗಲೂ ಗೊತ್ತಿಲ್ಲ. ಒಬ್ಬ ಹೆಂಗಸು, ಆಪರೇಷನ್ ಆಗಿ ಹನ್ನೊಂದು ವರ್ಷ. ಬಣ್ಣ ಎಲ್ಲರೂ ಒಪ್ಪಿದ ಹಾಗೆ ಮೂರು. ಸ್ಥಿತಿ: ಜೀವಂತ. ಈ ವರ್ಷ ತಪಾಸಣೆಗೆ ಬಂದಾಗ ಕೈಗೆ ಪ್ಲಾಸ್ಟರ್ ಇತ್ತು ಎಂದು ಬರೆದಿದೆ. ಕಾರಣ, ಮರ ಹತ್ತಿ ಬಿದ್ದದ್ದು. ವಯಸ್ಸು ಎಪ್ಪತ್ತೊಂದು!

ಚಿಕ್ಕಮ್ಮ, ನಾನು ಇಲ್ಲಿ ಕೂತು ಅವರಿಗಾಗಿ ಗೊಳೋ ಎಂದು ಅಳುತ್ತಿದ್ದಾಗ ಅವರು ಎಲ್ಲೋ ಮರದ ಮೇಲೆ ಕೂತಿದ್ದರು. ಗುಂಪಿನ ಜೊತೆ ಹೋಗದೆ ಉಳಿದವರು. ನೋಡಿ ಎಷ್ಟು ಖುಷಿಯಾಯಿತು ಎಂದರೆ, ಸಂಬಂಧವೇ ಇಲ್ಲದ ಆ ಅಜ್ಜಿಗೆ ಮನಸ್ಸಿನಲ್ಲೇ ಬೈದೆ. ಈ ವಯಸ್ಸಿನಲ್ಲಿ ಮರ ಹತ್ತುವುದಾ?

ಇನ್ನು ಏಣಿಯ ವಿಷಯ. ಹಾಳೆ ತಿರುಗಿಸು. ಹಿಂದಿನ ಪುಟ ಪೂರ್ತಿ ಅದೇ ಇದೆ.

ಬಾಯಿಬಡುಕಿ


ಏಪ್ರಿಲ್ 6

ಬಾಯಿಬಡುಕಿ,

ನಮ್ಮ ಮದುವೆಯ ಎರಡನೇ ವರ್ಷಕ್ಕೆ ನೀನು ಬಂದು ಹೋಗಿ ವರ್ಷವಾಗುತ್ತಾ ಬಂತು, ಮರೆತೆಯಾ? ಈ ಸಲ ಮೂರನೇ ವರ್ಷಕ್ಕಾದರೂ ಬಾ. ಸ್ಕ್ಯಾನ್ ಹೋದ ವಾರ ಆಯಿತು, ಚೊಕ್ಕಟ. ಇನ್ನು ಮೇಲೆ ವರ್ಷಕ್ಕೊಮ್ಮೆ ಬಂದರೆ ಸಾಕಂತೆ. ನಿನ್ನ ಚಿಕ್ಕಪ್ಪನ ಬಿಸ್ಕತ್ತಿನ ಡಬ್ಬಿಗೆ ಒಂದು ಮಾತ್ರೆ ಹೊಸದಾಗಿ ಸೇರಿದೆ, ಒಂದು ಕಮ್ಮಿಯಾಗಿದೆ. ಅಲ್ಲಿಗೆ ಸರಿಹೋಯಿತು.

ಇದನ್ನು ಬರೆಯಲು ಕೂತದ್ದು ಬೇರೆ ಕಾರಣಕ್ಕೆ. ಈವತ್ತು ಬೆಳಿಗ್ಗೆ ಆ ಕುರ್ಚಿ ಹರಿದಿದೆ. ನೋಡಿದ ಕೂಡಲೇ ಇವರನ್ನು ಕರೆದು, "ಮದುವೆ ಆಗಿದ್ದೂ ಬ್ಲೇಡ್ ಯಾಕೆ ಹಾಕಿದ್ರಿ?" ಎಂದು ಜೋರು ಮಾಡಿದೆ. "ದೇವ್ರಾಣೆ ನಾನಲ್ಲ ಮಾರಾಯ್ತಿ" ಎಂದು ಕೈ ಮುಗಿದರು. ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದೆ. ಅವರು ಹೇಳಿದ್ದು ನಿಜ. ನಾನು ಟೀ ಕುಡಿಯಲು ಇವರ ಪಕ್ಕ ಕೂರುವ ಆ ಬಲಗೈ ತೋಳಿನ ಹತ್ತಿರ, ಜೋಡಿ ಹೊಲಿಗೆಯ ಒಳಗಡೆ, ರೆಕ್ಸಿನ್ ತೆಳುವಾಗಿ ಎಳೆ ಎಳೆಯಾಗಿ ಬಿಟ್ಟುಕೊಂಡಿದೆ.

ಬ್ಲೇಡಿನದಲ್ಲ ಕಣೇ. ಕೂತು ಕೂತು ಸವೆದು ಹರಿದದ್ದು.

ಆಪರೇಷನ್ ಆದ ಹೊಟ್ಟೆಯವಳು ಕುರ್ಚಿಯ ತೋಳಿನ ಮೇಲೆ ಹತ್ತಿ ಕೂರುತ್ತಿದ್ದೆಯಾ ಎಂದು ಈಗ ನೀನು ಶುರು ಮಾಡುತ್ತೀಯ. ಮಾಡು. ಹೊಸ ರೆಕ್ಸಿನ್ ಕತ್ತರಿಸಿ ಇಟ್ಟು ಕಾಯುತ್ತಿರುತ್ತೇನೆ. ಎರಡು ಪುಟಕ್ಕೆ ಕಮ್ಮಿ ಇದ್ದರೆ ಒಪ್ಪುವುದಿಲ್ಲ.

ನಿನ್ನ ಚಿಕ್ಕಮ್ಮ